ಪಾಲು ಕೇಳುವುದು ಪಾಪವೇ?

ರಾತ್ರಿ ಒಂಬತ್ತರ ಕಾರ್ಯಕ್ರಮ ಮುಗಿಸಿ ಸ್ಟುಡಿಯೋದಿಂದ ಹೊರಗೆ ಬಂದರೆ ಫೋನ್ ತುಂಬಾ ಮೆಸೇಜ್‌ಗಳು. ಹೊಗಳೋರು ನಾಲ್ಕು ಜನ, ಬೈಯೋರು ನಲವತ್ತು ಜನ. ಅದು ನನಗೆ ಅಭ್ಯಾಸವಾಗಿ ಹೋಗಿದೆ. ಆದರೆ ಒಂದು ದಿನ ಯಲ್ಲಾಪುರದ ಕಡೆಯಿಂದ ಬಂದ ವಾಯ್ಸ್ ಮೆಸೇಜ್ ಹೊಗಳಿಕೆಯೂ ಅಲ್ಲ, ಬೈಗುಳವೂ ಅಲ್ಲ. ಒಬ್ಬ ಹೆಣ್ಣುಮಗಳು ತುಂಬಾ ಮೆಲ್ಲಗೆ, ಯಾರಿಗೋ ಕೇಳಿಸಿಬಿಟ್ಟೀತು ಅನ್ನೋ ಹಾಗೆ ಮಾತಾಡಿದ್ದರು.

'ಸರ್, ನಾವು ಕ್ರೈಸ್ತರು. ಅಪ್ಪ ತೀರಿಕೊಂಡು ಎಂಟು ತಿಂಗಳಾಯ್ತು. ಮೂರು ಎಕರೆ ಅಡಿಕೆ ತೋಟ ಇದೆ. ಇಬ್ಬರು ಅಣ್ಣಂದಿರು, ನಾವಿಬ್ಬರು ಹೆಣ್ಣುಮಕ್ಕಳು. ಅವ್ವ ಇದ್ದಾರೆ. ಮುಂದಿನ ವಾರ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಬಂದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕು ಅಂತ ದೊಡ್ಡಣ್ಣ ಹೇಳಿದಾನೆ. ಯಾಕೆ ಅಂತ ಕೇಳಿದ್ದಕ್ಕೆ, ಆಸ್ತಿಗೆ ಆಸೆ ಪಡಬಾರದು ಅಂತ ಬೈಬಲ್‌ನಲ್ಲೇ ಇದೆ, ಪಾಲು ಕೇಳೋಕೆ ಬಂದವನನ್ನ ಯೇಸುಸ್ವಾಮಿನೇ ವಾಪಸ್ ಕಳಿಸಿದಾರೆ, ನೀನೇನು ಅದಕ್ಕಿಂತ ದೊಡ್ಡೋಳಾ ಅಂದ. ನಾನು ಪಾಲು ಕೇಳಿದರೆ ಪಾಪ ಆಗ್ತದಾ ಸರ್?'

ಇಷ್ಟೇ ಮೆಸೇಜ್. ಅವರ ಪ್ರಶ್ನೆ ನೋಡಿ. ಕಾನೂನಿನಲ್ಲಿ ಸಿಗುತ್ತದಾ ಅಂತ ಅವರು ಕೇಳಲಿಲ್ಲ. ಪಾಪ ಆಗುತ್ತದಾ ಅಂತ ಕೇಳಿದರು. ಅಣ್ಣ ತಂಗಿಯನ್ನು ಹೆದರಿಸಿದ್ದು ವಕೀಲರ ನೋಟಿಸ್ ತೋರಿಸಿ ಅಲ್ಲ, ದೇವರನ್ನು ತೋರಿಸಿ.

ನಾನು ಕ್ರೈಸ್ತನಲ್ಲ. ಆದರೆ ಸುದ್ದಿಮನೆಯಲ್ಲಿ ಇಷ್ಟು ವರ್ಷ ಕೂತಿದ್ದರಿಂದ ಒಂದು ರೂಢಿ ಬಂದಿದೆ. ಯಾರಾದರೂ 'ಪುಸ್ತಕದಲ್ಲಿ ಹೀಗಿದೆ' ಅಂದರೆ ಪುಸ್ತಕ ತೆಗೆದು ನೋಡುತ್ತೇನೆ. ಅವತ್ತೂ ಹಾಗೇ ಮಾಡಿದೆ. ಕನ್ನಡ ಬೈಬಲ್ ತೆಗೆದುಕೊಂಡೆ, ಪರಿಚಯದ ಫಾದರ್ ಒಬ್ಬರಿಗೂ ವಕೀಲರೊಬ್ಬರಿಗೂ ಫೋನ್ ಮಾಡಿದೆ. ಸಿಕ್ಕಿದ್ದನ್ನು ನಿಮ್ಮ ಮುಂದೆ ಇಡುತ್ತೇನೆ. ಇದು ಕ್ರೈಸ್ತರ ಮನೆ ಮಾತು, ನಮಗ್ಯಾಕೆ ಅಂತ ಚಾನೆಲ್ ಬದಲಿಸಬೇಡಿ. ಕೊನೆಗೆ ಇದು ನಿಮ್ಮ ಮನೆಗೂ ಬರುತ್ತದೆ.

ಆ ಅಣ್ಣ ಹೇಳಿದ ಕಥೆ ನಿಜಕ್ಕೂ ಬೈಬಲ್‌ನಲ್ಲಿದೆ. ಲೂಕನ ಸುವಾರ್ತೆ, ಹನ್ನೆರಡನೇ ಅಧ್ಯಾಯ. ಜನರ ಗುಂಪಿನಿಂದ ಒಬ್ಬ ಮುಂದೆ ಬಂದು, ಗುರುವೇ, ಪಿತ್ರಾರ್ಜಿತದಲ್ಲಿ ನನಗೆ ಪಾಲು ಕೊಡುವಂತೆ ನನ್ನ ಅಣ್ಣನಿಗೆ ಹೇಳು ಅಂತಾನೆ. ನಿಮ್ಮ ಪಾಲು ಮಾಡುವ ನ್ಯಾಯಾಧೀಶನನ್ನಾಗಿ ನನ್ನನ್ನು ಯಾರು ನೇಮಿಸಿದರು ಅಂತ ಯೇಸು ಕೇಳುತ್ತಾರೆ. ಆಮೇಲೆ ಎಲ್ಲರ ಕಡೆ ತಿರುಗಿ, ದುರಾಸೆಯ ಬಗ್ಗೆ ಎಚ್ಚರ ಅನ್ನುತ್ತಾರೆ. ಆಸ್ತಿ ಎಷ್ಟಿದೆ ಅನ್ನೋದರ ಮೇಲೆ ಮನುಷ್ಯನ ಬದುಕು ನಿಂತಿಲ್ಲ ಅನ್ನುವುದು ಅಲ್ಲಿನ ತಾತ್ಪರ್ಯ.

ಅಣ್ಣ ಇಲ್ಲಿಗೆ ಪುಸ್ತಕ ಮುಚ್ಚಿದ್ದಾನೆ. ಆದರೆ ಕಥೆ ಇಲ್ಲಿಗೆ ಮುಗಿಯುವುದಿಲ್ಲ. ಅದೇ ಉಸಿರಿನಲ್ಲಿ ಯೇಸು ಇನ್ನೊಂದು ಕಥೆ ಹೇಳುತ್ತಾರೆ. ಒಬ್ಬ ಸಾಹುಕಾರನ ಹೊಲ ಚೆನ್ನಾಗಿ ಬೆಳೆಯಿತು. ಕಣಜ ಸಾಲಲಿಲ್ಲ. ಇರೋ ಕಣಜ ಕೆಡವಿ ಇನ್ನೂ ದೊಡ್ಡದು ಕಟ್ಟಿಸ್ತೀನಿ, ಆಮೇಲೆ ವರ್ಷಗಟ್ಟಲೆ ಉಂಡು ಕುಡಿದು ಆರಾಮಾಗಿರ್ತೀನಿ ಅಂದುಕೊಂಡ. ಅದೇ ರಾತ್ರಿ ಅವನ ಪ್ರಾಣ ಹೋಗುತ್ತದೆ. ಕೂಡಿಟ್ಟಿದ್ದೆಲ್ಲ ಈಗ ಯಾರದು ಅನ್ನೋ ಪ್ರಶ್ನೆ ಮಾತ್ರ ಉಳಿಯುತ್ತದೆ.

ಈಗ ಹೇಳಿ, ಆ ಕಥೆಯ ದಡ್ಡ ಯಾರು? ಪಾಲು ಇಲ್ಲದವನಾ, ಕಣಜ ತುಂಬಿದವನಾ? ದುರಾಸೆಯ ಎಚ್ಚರಿಕೆ ಪಾಲು ಕೇಳಲು ಬಂದವನಿಗೂ ಇತ್ತು, ಅದನ್ನು ಮುಚ್ಚಿಡಬಾರದು. ಬರೀ ಆಸ್ತಿಯೇ ಬದುಕು ಅಂದುಕೊಂಡರೆ ತಂಗಿಯೂ ಹಾಳಾಗುತ್ತಾಳೆ. ಆದರೆ ಉದಾಹರಣೆ ಕೊಡಬೇಕಾಗಿ ಬಂದಾಗ ಯೇಸು ಆರಿಸಿಕೊಂಡಿದ್ದು ಹಿಡಿದಿಟ್ಟುಕೊಂಡವನನ್ನು. ಪಾಲು ಮಾಡಲು ನಾನು ಬಂದಿಲ್ಲ ಅಂದರು, ನಿಜ. ಪಾಲು ಕೊಡಬೇಡ ಅಂತ ಅಣ್ಣನಿಗೆ ಎಲ್ಲಿ ಹೇಳಿದರು? ಎಲ್ಲೂ ಹೇಳಲಿಲ್ಲ.

ಇನ್ನೂ ಹಿಂದಕ್ಕೆ ಹೋಗೋಣ. ಹಳೆಯ ಒಡಂಬಡಿಕೆಯಲ್ಲಿ ಅರಣ್ಯಕಾಂಡ ಅಂತ ಒಂದು ಭಾಗ ಇದೆ. ಅದರ ಇಪ್ಪತ್ತೇಳನೇ ಅಧ್ಯಾಯದಲ್ಲಿ ಚೆಲೋಫಹಾದ ಅನ್ನುವವನ ಐದು ಹೆಣ್ಣುಮಕ್ಕಳು ಬರುತ್ತಾರೆ. ಅಪ್ಪ ಸತ್ತಿದ್ದಾನೆ, ಗಂಡುಮಕ್ಕಳಿಲ್ಲ. ಈ ಐವರೂ ಹೋಗಿ ಮೋಶೆಯ ಮುಂದೆ, ಯಾಜಕನ ಮುಂದೆ, ಇಡೀ ಸಭೆಯ ಮುಂದೆ ನಿಂತು, ಗಂಡುಮಗ ಇಲ್ಲ ಅಂತ ನಮ್ಮಪ್ಪನ ಹೆಸರು ಯಾಕೆ ಅಳಿಯಬೇಕು, ನಮಗೂ ಭೂಮಿ ಕೊಡಿ ಅಂತ ಕೇಳುತ್ತಾರೆ. ಮೋಶೆಗೆ ಉತ್ತರ ಗೊತ್ತಾಗಲಿಲ್ಲ, ದೇವರನ್ನು ಕೇಳಿದ. ಆ ಹೆಣ್ಣುಮಕ್ಕಳು ಹೇಳುವುದು ಸರಿ, ಕೊಡು ಅಂತ ಉತ್ತರ ಬಂತು. ಅಣ್ಣತಮ್ಮಂದಿರು ಇಲ್ಲದ ಮನೆಯ ಮಾತು ಅದು, ಒಪ್ಪುತ್ತೇನೆ. ಆದರೆ ಪಾಲು ಕೇಳಿದ ಹೆಣ್ಣುಮಕ್ಕಳಿಗೆ ಪಾಪಿಗಳು ಅನ್ನೋ ಪಟ್ಟ ಸಿಗಲಿಲ್ಲ, ಭೂಮಿ ಸಿಕ್ಕಿತು.

ಇನ್ನೊಂದು ಜಾಗ ಇದೆ. ನನಗೆ ಅತ್ಯಂತ ಖಾರವಾಗಿ ಕಂಡಿದ್ದು ಅದೇ. ಮಾರ್ಕನ ಸುವಾರ್ತೆ, ಏಳನೇ ಅಧ್ಯಾಯ. ಆ ಕಾಲದಲ್ಲಿ 'ಕೊರ್ಬಾನ್' ಅಂತ ಒಂದು ಪದ್ಧತಿ ಇತ್ತು. ನನ್ನ ಆಸ್ತಿ ದೇವರಿಗೆ ಮೀಸಲು ಅಂತ ಒಂದು ಮಾತು ಹೇಳಿಬಿಟ್ಟರೆ ಮುಗೀತು, ವಯಸ್ಸಾದ ಅಪ್ಪ ಅಮ್ಮನಿಗೆ ಅದರಿಂದ ಕೊಡಬೇಕಾಗಿರಲಿಲ್ಲ. ದೇವರ ಹೆಸರಲ್ಲಿ ಮನೆಯವರಿಗೆ ನಾಮ! ಇದನ್ನು ಯೇಸು ಎಷ್ಟು ಕಟುವಾಗಿ ಖಂಡಿಸಿದರು ಅಂದರೆ, ನಿಮ್ಮ ಸಂಪ್ರದಾಯದಿಂದ ದೇವರ ಮಾತನ್ನೇ ಇಲ್ಲವಾಗಿಸಿದ್ದೀರಿ ಅನ್ನುವವರೆಗೆ ಹೋದರು. ಧರ್ಮವನ್ನು ಅಡ್ಡ ಇಟ್ಟುಕೊಂಡು ಹಕ್ಕಿನವರಿಗೆ ಕೊಡದೇ ಇರೋದು ಅವರಿಗೆ ಆಗುತ್ತಿರಲಿಲ್ಲ. ಆ ದೊಡ್ಡಣ್ಣ ಈ ಅಧ್ಯಾಯವನ್ನೂ ಓದಬೇಕಿತ್ತು.

ಸರಿ, ಧರ್ಮದ ಮಾತು ಆಯ್ತು. ಕಾನೂನು ಏನು ಹೇಳುತ್ತದೆ?

ಯಲ್ಲಾಪುರದ ಕ್ರೈಸ್ತರಿಗೆ ಅನ್ವಯವಾಗುವುದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ಅದಕ್ಕೂ ಮುಂಚೆ 1865ರ ಕಾಯ್ದೆ ಇತ್ತು. ಎರಡರಲ್ಲೂ ಮಗ, ಮಗಳು ಅನ್ನೋ ಭೇದ ಇಲ್ಲ. ಹಿಂದೂ ಹೆಣ್ಣುಮಕ್ಕಳಿಗೆ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹುಟ್ಟಿನಿಂದಲೇ ಹಕ್ಕು ಅಂತ ಕರ್ನಾಟಕ ತಿದ್ದುಪಡಿ ತಂದು ಜಾರಿ ಮಾಡಿದ್ದು 1994ರಲ್ಲಿ, ಇಡೀ ದೇಶಕ್ಕೆ ಅದು ಬಂದಿದ್ದು 2005ರಲ್ಲಿ.

ಲೆಕ್ಕ ಸುಲಭ. ಅಪ್ಪ ವಿಲ್ ಬರೆಯದೆ ತೀರಿಕೊಂಡರೆ ಹೆಂಡತಿಗೆ ಮೂರರಲ್ಲಿ ಒಂದು ಭಾಗ. ಉಳಿದ ಎರಡು ಭಾಗ ಮಕ್ಕಳಿಗೆ, ಸಮನಾಗಿ. ಈ ಮನೆಯದ್ದೇ ತೆಗೆದುಕೊಳ್ಳಿ. ಮೂರು ಎಕರೆ ಅಂದರೆ 120 ಗುಂಟೆ. ಅವ್ವನಿಗೆ 40. ಉಳಿದ 80ರಲ್ಲಿ ನಾಲ್ಕು ಮಕ್ಕಳಿಗೆ ತಲಾ 20. ಅಷ್ಟೇ. ದೊಡ್ಡಣ್ಣನಿಗೂ 20, ಸಣ್ಣ ತಂಗಿಗೂ 20.

'ಅವಳ ಮದುವೆಗೆ ಅಷ್ಟು ಖರ್ಚು ಮಾಡಿದೀವಲ್ಲ, ಅದೇ ಅವಳ ಪಾಲು' ಅನ್ನೋ ವಾದ ಎಲ್ಲರ ಮನೆಯಲ್ಲೂ ಬರುತ್ತದೆ. ಇದಕ್ಕೂ ಕಾಯ್ದೆಯಲ್ಲಿ ಉತ್ತರ ಇದೆ, 49ನೇ ಕಲಂ. ಅಪ್ಪ ಬದುಕಿದ್ದಾಗ ಮಗುವಿನ ಏಳಿಗೆಗೆ ಅಂತ ಕೊಟ್ಟ ಹಣವನ್ನಾಗಲೀ ಆಸ್ತಿಯನ್ನಾಗಲೀ ಪಾಲಿನ ಲೆಕ್ಕಕ್ಕೆ ಹಿಡಿಯುವಂತಿಲ್ಲ. ತಂಗಿಯ ಮದುವೆ ಖರ್ಚನ್ನು ಕಳೆಯುವ ಹಾಗಿಲ್ಲ, ಅಣ್ಣನ ಕಾಲೇಜು ಫೀಸನ್ನೂ ಕಳೆಯುವ ಹಾಗಿಲ್ಲ.

ಈ ಸಮಾನತೆ ಎಲ್ಲ ಕಡೆ ಸುಲಭವಾಗಿ ಬರಲಿಲ್ಲ. ಕೇರಳದ ಹಳೇ ತಿರುವಾಂಕೂರು ಸೀಮೆಯಲ್ಲಿ 1916ರ ಬೇರೆ ಕಾಯ್ದೆ ಇತ್ತು. ಮಗಳಿಗೆ ಮಗನ ಪಾಲಿನ ಕಾಲು ಭಾಗ, ಇಲ್ಲವೇ ಐದು ಸಾವಿರ ರೂಪಾಯಿ, ಎರಡರಲ್ಲಿ ಯಾವುದು ಕಡಿಮೆಯೋ ಅದು! ಇದರ ವಿರುದ್ಧ ಮೇರಿ ರಾಯ್ ಅನ್ನುವ ಶಿಕ್ಷಕಿ ಸುಪ್ರೀಂ ಕೋರ್ಟಿಗೆ ಹೋದರು. 1986ರಲ್ಲಿ ಗೆದ್ದರು. ಕಾನೂನು ಕಾಲೇಜುಗಳಲ್ಲಿ ಇವತ್ತಿಗೂ ಆ ತೀರ್ಪನ್ನು ಪಾಠ ಮಾಡುತ್ತಾರೆ. ಅವರೂ ಕ್ರೈಸ್ತರೇ. ಅವರ ಎದುರಿಗಿದ್ದದ್ದೂ ಒಡಹುಟ್ಟಿದ ಅಣ್ಣನೇ.

ಇನ್ನೊಂದು ವ್ಯತ್ಯಾಸ ಗೊತ್ತಿರಬೇಕು. ಕ್ರೈಸ್ತರಲ್ಲಿ ಮಗನಿಗಾಗಲೀ ಮಗಳಿಗಾಗಲೀ ಹುಟ್ಟಿನಿಂದ ಬರುವ ಹಕ್ಕು ಇಲ್ಲ. ಅಪ್ಪ ಬದುಕಿರುವವರೆಗೂ ಆಸ್ತಿ ಅಪ್ಪನದೇ. ವಿಲ್ ಬರೆದು ಯಾರಿಗೆ ಬೇಕಾದರೂ ಕೊಡಬಹುದು, ಅಷ್ಟನ್ನೂ ಕೊಡಬಹುದು. ಪಕ್ಕದ ಗೋವಾದಲ್ಲಿ ಹಾಗಲ್ಲ. ಅಲ್ಲಿ ಪೋರ್ಚುಗೀಸರ ಕಾಲದ ಸಿವಿಲ್ ಸಂಹಿತೆಯಿಂದ ಬಂದ ನಿಯಮದ ಪ್ರಕಾರ ಆಸ್ತಿಯ ಅರ್ಧ ಭಾಗ ಮಕ್ಕಳಿಗೇ ಮೀಸಲು, ಅಪ್ಪ ಮನಸ್ಸು ಮಾಡಿದರೂ ಅದನ್ನು ಸುಮ್ಮನೆ ತಪ್ಪಿಸಲಾಗದು. ಯಲ್ಲಾಪುರದಲ್ಲಿ ಅಪ್ಪನ ಕೈ ಬಿಚ್ಚಿದೆ. ಕೈ ಬಿಚ್ಚಿದೆ ಅಂದರೆ ಹೊಣೆಯೂ ಅವನ ಮೇಲೇ ಇದೆ.

ಹಾಗಾಗಿ ಈ ಕಾರ್ಯಕ್ರಮ ನೋಡುತ್ತಿರುವ ಅಪ್ಪಂದಿರಿಗೆ ಒಂದು ಮಾತು. ವಿಲ್ ಬರೆಯಿರಿ. ಬರೆದರೆ ಬೇಗ ಸಾಯ್ತೀವಿ ಅನ್ನೋದು ಮೂಢನಂಬಿಕೆ. ಬಿಳಿ ಹಾಳೆ ಸಾಕು, ಇಬ್ಬರು ಸಾಕ್ಷಿಗಳು ಬೇಕು. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. ಕ್ರೈಸ್ತರು ಎರಡು ವಿಷಯ ನೆನಪಿಟ್ಟುಕೊಳ್ಳಿ. ಆಸ್ತಿ ಪಡೆಯುವವನನ್ನೇ, ಅಥವಾ ಅವನ ಹೆಂಡತಿಯನ್ನು ಸಾಕ್ಷಿ ಮಾಡಿದರೆ ಅವನಿಗೆ ಬರೆದದ್ದು ಬಿದ್ದುಹೋಗುತ್ತದೆ. ವಿಲ್ ಬರೆದ ಮೇಲೆ ಮದುವೆಯಾದರೆ ಹಳೆಯ ವಿಲ್ ರದ್ದಾಗುತ್ತದೆ, ಹೊಸದು ಬರೆಯಬೇಕು. ಮೊದಲು ಕ್ರೈಸ್ತರ ವಿಲ್‌ಗೆ ಕೋರ್ಟಿನಿಂದ ಪ್ರೊಬೇಟ್ ಮಾಡಿಸದೆ ಹಕ್ಕು ಸಾಧಿಸುವಂತಿರಲಿಲ್ಲ. 2002ರ ತಿದ್ದುಪಡಿ ಆ ತಾಪತ್ರಯ ತೆಗೆದಿದೆ. ಸಾಯುವ ಮುನ್ನ ಚರ್ಚಿಗೋ ಧರ್ಮಕಾರ್ಯಕ್ಕೋ ಬರೆಯಬೇಕೆಂದರೆ ಇದ್ದ ವಿಶೇಷ ನಿರ್ಬಂಧವನ್ನೂ 2003ರಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿದೆ. ಬರೆಯಲು ಹಕ್ಕಿದೆ. ಆದರೆ ಬರೆಯುವ ಮುಂಚೆ ಕೊರ್ಬಾನ್ ಕಥೆ ನೆನಪಿರಲಿ. ಮನೆಯಲ್ಲಿ ವಯಸ್ಸಾದ ಹೆಂಡತಿ ಇದ್ದಾಳಾ, ಮದುವೆಯಾಗದ ಮಗಳಿದ್ದಾಳಾ, ಅವರನ್ನು ಮೊದಲು ನೋಡಿ.

ಈಗ ಆಸ್ತಿಯ ಬಗ್ಗೆ ನನ್ನ ಕಣ್ಣು ತೆರೆಸಿದ ಇನ್ನೊಂದು ಸಂಗತಿ. ಅದೂ ಯಲ್ಲಾಪುರದ್ದೇ.

ಹುಬ್ಬಳ್ಳಿಯಿಂದ ಅಂಕೋಲಾಕ್ಕೆ ಹೋಗುವ ಹೆದ್ದಾರಿಯಲ್ಲಿ ಯಲ್ಲಾಪುರ ದಾಟಿ ಒಳಗೆ ಕಾಡಿನ ಕಡೆ ತಿರುಗಿದರೆ ಸಿದ್ದಿಗಳ ಮನೆಗಳು ಸಿಗುತ್ತವೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಸೀಮೆಯಲ್ಲಿ ಇರುವ ಜನ. 2011ರ ಜನಗಣತಿಯ ಪ್ರಕಾರ ರಾಜ್ಯದಲ್ಲಿ ಸುಮಾರು ಹತ್ತು ಸಾವಿರ. ಯಲ್ಲಾಪುರ, ಅಂಕೋಲಾ ಕಡೆ ಹಿಂದೂಗಳು ಹೆಚ್ಚು, ಹಳಿಯಾಳದ ಕಡೆ ಕ್ರೈಸ್ತರು, ಮುಸ್ಲಿಮರು ಹೆಚ್ಚು. ಧರ್ಮ ಮೂರಾದರೂ ಜನ ಒಂದೇ.

ಇವರ ಪೂರ್ವಜರು ಆಫ್ರಿಕಾದವರು. ಪೋರ್ಚುಗೀಸರು ಅವರನ್ನು ಗುಲಾಮರನ್ನಾಗಿ ಗೋವಾಕ್ಕೆ ತಂದರು. ಅಲ್ಲಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರು ಇವರ ಹಿರಿಯರು. ಗುಲಾಮ ಅಂದರೆ ಏನು? ಬೇರೆಯವರ ಆಸ್ತಿ. ಮನೆ, ತೋಟ, ದನಕರು ಇದ್ದಂತೆ ಮನುಷ್ಯನೂ ಒಂದು ಸೊತ್ತು. ಮಾರಬಹುದು, ಕೊಳ್ಳಬಹುದು. ಹಾಗೆ ಮನುಷ್ಯರನ್ನು ಸೊತ್ತು ಅಂತ ಲೆಕ್ಕ ಹಾಕಿದವರ ಕೈಯಲ್ಲೂ ಬೈಬಲ್ ಇತ್ತು ಸ್ವಾಮಿ! ಅದಕ್ಕೇ ನಾನು ಹೇಳೋದು, ಧರ್ಮಗ್ರಂಥದಲ್ಲಿ ಏನಿದೆ ಅನ್ನೋದರ ಜೊತೆಗೆ ಅದನ್ನು ಯಾರು ಹಿಡಿದು ಯಾರಿಗೆ ಓದಿ ಹೇಳುತ್ತಿದ್ದಾರೆ ಅನ್ನೋದನ್ನೂ ನೋಡಬೇಕು.

ಕಾಡಿಗೆ ಬಂದ ಮೇಲೆ ಇವರಿಗೆ ಭೂಮಿ ಸಿಕ್ಕಿತಾ? ಉತ್ತರ ಕನ್ನಡ ಜಿಲ್ಲೆಯ ನೆಲದ ಬಹುಪಾಲು ಅರಣ್ಯ. ತಲೆಮಾರುಗಳಿಂದ ಉತ್ತಿದರೂ ಪಹಣಿಯಲ್ಲಿ ಹೆಸರಿಲ್ಲ. ದಾಖಲೆಯ ಭಾಷೆಯಲ್ಲಿ ಅತಿಕ್ರಮಣದಾರರು. ಮಕ್ಕಳಿಗೆ ಏನು ಬಿಟ್ಟು ಹೋಗ್ತೀರಿ ಅಂತ ಇಂಥವರನ್ನು ಕೇಳೋದು ಹೇಗೆ? 2003ರಲ್ಲಿ ಜಿಲ್ಲೆಯ ಸಿದ್ದಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿದರು. 2006ರಲ್ಲಿ ಅರಣ್ಯ ಹಕ್ಕು ಕಾಯ್ದೆ ಬಂತು. 2005ರ ಡಿಸೆಂಬರ್ 13ಕ್ಕೆ ಮುಂಚೆಯಿಂದ ಕಾಡಿನ ಭೂಮಿಯಲ್ಲಿದ್ದು ಅದನ್ನೇ ನಂಬಿದ ಬುಡಕಟ್ಟಿನವರಿಗೆ ನಾಲ್ಕು ಹೆಕ್ಟೇರ್ ಮೀರದಂತೆ ಹಕ್ಕು. ಅದೇ ಕಾಡಿನಲ್ಲಿರುವ ಉಳಿದವರು ಮೂರು ತಲೆಮಾರಿನ, ಅಂದರೆ 75 ವರ್ಷದ ವಾಸ ತೋರಿಸಬೇಕು. ಜಿಲ್ಲೆಯಲ್ಲಿ ಎಷ್ಟೋ ಬಡ ಕುಟುಂಬಗಳು ಇವತ್ತಿಗೂ ಅರ್ಜಿ ಹಿಡಿದು ಓಡಾಡುತ್ತಿರೋದು ಈ ಕಾರಣಕ್ಕೇ.

ಆ ಹಕ್ಕುಪತ್ರದ ಷರತ್ತು ಗಮನಿಸಿ. ಈ ಭೂಮಿಯನ್ನು ಮಾರುವಂತಿಲ್ಲ. ಪರಭಾರೆ ಮಾಡುವಂತಿಲ್ಲ. ಆದರೆ ವಾರಸುದಾರರಿಗೆ ಹೋಗುತ್ತದೆ. ಮದುವೆಯಾದವರಿದ್ದರೆ ಪತ್ರ ಗಂಡ ಹೆಂಡತಿ ಇಬ್ಬರ ಹೆಸರಲ್ಲೂ ಇರಬೇಕು.

ಇದನ್ನು ಓದಿದಾಗ ನನಗೆ ಬೈಬಲ್‌ನ ಯಾಜಕಕಾಂಡ ನೆನಪಾಯಿತು. ಅಲ್ಲಿಯೂ ಭೂಮಿಯನ್ನು ಶಾಶ್ವತವಾಗಿ ಮಾರಬಾರದು ಅನ್ನೋ ನಿಯಮ ಇದೆ. ಭೂಮಿ ದೇವರದು, ನೀವು ಅದರಲ್ಲಿ ಬಂದುಹೋಗುವ ಬಿಡಾರದವರು ಅನ್ನುವುದು ಅದಕ್ಕೆ ಕೊಟ್ಟ ಕಾರಣ. ಬಡತನಕ್ಕೆ ಮಾರಿಕೊಂಡ ಹೊಲ ಐವತ್ತನೇ ವರ್ಷಕ್ಕೆ ಮೂಲ ಕುಟುಂಬಕ್ಕೆ ವಾಪಸ್ ಬರಬೇಕು. ಕ್ರೈಸ್ತರು ಆಸ್ತಿಯ ಬಗ್ಗೆ ಮಾತಾಡುವಾಗ 'ಮೇಲ್ವಿಚಾರಕ' ಅನ್ನೋ ಪದ ಬಳಸುವುದು ಇದೇ ಅರ್ಥದಲ್ಲಿ. ತೋಟ ನಿನ್ನದಲ್ಲ, ನಿನ್ನ ಸುಪರ್ದಿಯಲ್ಲಿದೆ. ಬೇರೆಯವರ ಪಾಲು ನಿನ್ನ ಕೈಯಲ್ಲಿದ್ದರೆ ಅದನ್ನು ತಲುಪಿಸುವುದು ನಿನ್ನ ಕೆಲಸ.

ಸಿದ್ದಿ ಹೆಣ್ಣುಮಕ್ಕಳು ಕವಂದಿ ಹೊಲಿಯುತ್ತಾರೆ. ನಮ್ಮ ಕಡೆ ಕೌದಿ ಅಂತೀವಲ್ಲ, ಅದರ ಜಾತಿಯದು. ಹಳೆಯ ಸೀರೆ, ಅಂಗಿ, ಲಂಗ, ಮನೆಯವರೆಲ್ಲ ಉಟ್ಟು ಬಿಟ್ಟ ಬಟ್ಟೆಯ ತುಂಡುಗಳನ್ನು ಜೋಡಿಸಿ ಕೈಯಲ್ಲೇ ಹೊಲಿಯುವುದು. ನಾಲ್ಕು ಮೂಲೆಗೂ ಬಟ್ಟೆ ಮಡಚಿ 'ಫುಲಾ' ಅಂತ ಹೂವು ಕೂರಿಸುತ್ತಾರೆ. ಹೂವಿಲ್ಲದಿದ್ದರೆ ಕವಂದಿ ಬತ್ತಲೆ ಅನ್ನೋದು ಅವರ ಮಾತು. ಒಂದು ಮನೆಯಲ್ಲಿ ಅಜ್ಜಿಯೊಬ್ಬರು ಕವಂದಿ ಹರಡಿ ತೋರಿಸಿದ್ದರು. ಇದು ಅತ್ತೆಯದು, ಇದು ತೀರಿಹೋದ ಮಗನ ಅಂಗಿ, ಇದು ಮೊಮ್ಮಗಳ ಲಂಗ ಅಂತ ಒಂದೊಂದೇ ತುಂಡು ಮುಟ್ಟಿ ಹೇಳಿದರು. ಮಾರ್ತೀರಾ ಅಜ್ಜಿ ಅಂದೆ. 'ಬೇರೆ ಮಾರ್ತೀವಿ. ಇದು ಇಲ್ಲ. ಇದು ಮೊಮ್ಮಗೂಗೆ' ಅಂದರು.

ಬಡತನವನ್ನು ಹೊಗಳಲು ಈ ಮಾತು ಹೇಳುತ್ತಿಲ್ಲ. ಆ ಅಜ್ಜಿಗೆ ಕವಂದಿಯೂ ಬೇಕು, ಹಕ್ಕುಪತ್ರವೂ ಬೇಕು. 'ಪ್ರೀತಿ ಇದ್ದರೆ ಸಾಕು, ಆಸ್ತಿ ಯಾಕೆ' ಅನ್ನೋದು ಆಸ್ತಿ ಇರುವವರು ಆಡುವ ಮಾತು.

ಹಾಗಾದರೆ ತ್ಯಾಗಕ್ಕೆ ಬೆಲೆ ಇಲ್ಲವಾ? ಖಂಡಿತಾ ಇದೆ. ಅಸ್ಸಿಸಿಯ ಫ್ರಾನ್ಸಿಸ್ ಬಟ್ಟೆ ವ್ಯಾಪಾರಿಯ ಮಗ. ಬಿಷಪ್ ಎದುರಿಗೇ ಮೈಮೇಲಿನ ಬಟ್ಟೆಯನ್ನೂ ಕಳಚಿ ಅಪ್ಪನಿಗೆ ಕೊಟ್ಟು, ಪಿತ್ರಾರ್ಜಿತ ಬಿಟ್ಟು ಹೊರಟ. ಎಂಟುನೂರು ವರ್ಷ ಆಯ್ತು, ಜಗತ್ತು ಅವನನ್ನು ಮರೆತಿಲ್ಲ. ಆದರೆ ಫ್ರಾನ್ಸಿಸ್ ಬಿಟ್ಟದ್ದು ತನ್ನದನ್ನು. ಬೇರೆಯವರ ಕೈಯಿಂದ ಬಿಡಿಸಲಿಲ್ಲ. ಮೊದಲ ಕಾಲದ ಕ್ರೈಸ್ತರು ಹೊಲ ಮಾರಿ ಹಣ ತಂದು ಅಪೊಸ್ತಲರ ಪಾದದ ಬಳಿ ಇಡುತ್ತಿದ್ದರು, ಅದು ಅಗತ್ಯ ಇದ್ದವರಿಗೆಲ್ಲ ಹಂಚಿಹೋಗುತ್ತಿತ್ತು. ಅನನೀಯ ಅನ್ನುವವನು ಒಂದಿಷ್ಟು ಮುಚ್ಚಿಟ್ಟು ಪೂರ್ತಿ ತಂದಿದ್ದೇನೆ ಅಂದಾಗ ಪೇತ್ರ ಹೇಳಿದ್ದೇನು? ಹೊಲ ನಿನ್ನದೇ ಆಗಿತ್ತು, ಮಾರಿದ ಹಣವೂ ನಿನ್ನ ಕೈಯಲ್ಲೇ ಇತ್ತು, ಸುಳ್ಳು ಯಾಕೆ ಹೇಳಿದೆ ಅಂತ. ಅಂದರೆ ಕೊಡಲೇಬೇಕು ಅನ್ನೋ ಬಲವಂತ ಅಲ್ಲಿಯೂ ಇರಲಿಲ್ಲ.

ತ್ಯಾಗದ ಪಾಠ ನಮಗೆ ನಾವೇ ಹೇಳಿಕೊಳ್ಳಬೇಕಾದದ್ದು. ಕೈಯಲ್ಲಿ ಹಿಡಿದುಕೊಂಡವನು ಕೈ ಖಾಲಿ ಇದ್ದವಳಿಗೆ ಹೇಳಿದರೆ ಅದು ಪಾಠ ಅಲ್ಲ, ದಬ್ಬಾಳಿಕೆ. ಇದು ಕ್ರೈಸ್ತರಿಗೆ ಮಾತ್ರ ಅಂದುಕೊಳ್ಳಬೇಡಿ. 'ತವರುಮನೆ ಬಾಗಿಲು ಮುಚ್ಚಿಹೋಗ್ತದೆ ನೋಡು' ಅಂತ ಹೆದರಿಸಿ ಹಿಸ್ಸೆ ಪತ್ರಕ್ಕೆ ಸಹಿ ಹಾಕಿಸಿಕೊಂಡ ಅಣ್ಣಂದಿರು ಎಲ್ಲ ಜಾತಿಯಲ್ಲೂ ಇದ್ದಾರೆ. ಸಹಿ ಹಾಕಿದ ಮೇಲೂ ಬಾಗಿಲು ಮುಚ್ಚಿದವರೂ ಇದ್ದಾರೆ.

ಮಾರನೇ ದಿನ ಆ ಹೆಣ್ಣುಮಗಳಿಗೆ ಫೋನ್ ಮಾಡಿದೆ. ಪಾಪ ಆಗೋದಿಲ್ಲಮ್ಮ, ಕಾನೂನು ನಿಮ್ಮ ಕಡೆ ಇದೆ, ಬೈಬಲ್ ನಿಮಗೆ ವಿರುದ್ಧವಾಗಿಲ್ಲ, ಓದದೆ ಯಾವ ಪತ್ರಕ್ಕೂ ಸಹಿ ಹಾಕಬೇಡಿ ಅಂದೆ. ಕೋರ್ಟಿಗೆ ಓಡಬೇಡಿ, ಮೊದಲು ಅವ್ವನನ್ನು ಜೊತೆಗೆ ಕೂರಿಸಿಕೊಂಡು ಅಣ್ಣನ ಹತ್ತಿರ ಮಾತಾಡಿ, ಅವ್ವನದೂ ಮೂರನೇ ಒಂದು ಪಾಲಿದೆ ಅಂತ ನೆನಪಿಸಿ ಅಂದೆ. ತೋಟ ಹೋದರೆ ಇನ್ನೊಂದು ಮಾಡಬಹುದು, ಅಣ್ಣ ತಂಗಿ ಅನ್ನೋದು ಹೋದರೆ ಕಷ್ಟ, ಅದೂ ತಲೆಯಲ್ಲಿರಲಿ ಅಂದೆ.

ಸ್ವಲ್ಪ ಹೊತ್ತು ಆ ಕಡೆಯಿಂದ ಮಾತೇ ಇಲ್ಲ. ಆಮೇಲೆ ಹೇಳಿದರು. 'ನನಗೆ ತೋಟ ಬೇಡ ಸರ್. ನನ್ನ 20 ಗುಂಟೆ ಬಂದರೂ ಅವ್ವ ಇರೋವರೆಗೆ ಅದರ ಫಸಲು ಅವ್ವನಿಗೇ ಬಿಡ್ತೀನಿ. ಆದರೆ ಬಿಟ್ಟುಕೊಡೋಕೂ ಮೊದಲು ಅದು ನಂದು ಆಗಿರಬೇಕಲ್ಲ ಸರ್?'

ಹೌದಮ್ಮ, ಆಗಿರಬೇಕು.